ಐದು ಶಾಲೆಗಳ ಇಮೇಲೂ ನನ್ನ ವರ್ಗಾವಣೆಯೂ

ಆ ವರ್ಷ ನನಗೆ ಬೇಕಾಗಿದ್ದದ್ದು ಒಂದೇ, ಸೇಡಂನಿಂದ ಶಹಾಬಾದಿಗೆ ವರ್ಗಾವಣೆ. ಸಿಕ್ಕಿದ್ದು ಐದು ಶಾಲೆಗಳಿಗೆ ಇಮೇಲ್ ಆರಿಸಿ ಕೊಡುವ ಕೆಲಸ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ಐದೂ ಊರಲ್ಲಿ ನಮ್ಮ ಸಭೆಯ ಒಂದೊಂದು ಶಾಲೆ ಇದೆ. ಚರ್ಚಿನ ಕಂಪೌಂಡಿನೊಳಗೇ ನಾಲ್ಕಾರು ಕೋಣೆ, ಒಂದು ಬೇವಿನ ಗಿಡ, ಪರಸಿ ಕಲ್ಲು ಹಾಸಿದ ಅಂಗಳ, ಅಷ್ಟೇ. ಸೇಡಂನದು ಸ್ವಲ್ಪ ದೊಡ್ಡದು, ಹತ್ತನೆಯ ತರಗತಿವರೆಗೆ. ಅಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಮನೆ ಮಾತ್ರ ಶಹಾಬಾದಿನಲ್ಲಿ. ಕತ್ತಲಿರುವಾಗಲೇ ಎದ್ದು ರೊಟ್ಟಿ ಬಡಿದಿಟ್ಟು ವಾಡಿಗೆ ಒಂದು ಗಾಡಿ, ವಾಡಿಯಲ್ಲಿ ಕೂತು ಕಾದು ಸೇಡಂಗೆ ಇನ್ನೊಂದು ಗಾಡಿ. ಸಂಜೆ ಇದೇ ಉಲ್ಟಾ. ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ತಿದ್ದಿದಷ್ಟು ಉತ್ತರಪತ್ರಿಕೆಗಳನ್ನು ನಾನು ಸ್ಟಾಫ್ ರೂಮಿನಲ್ಲಿ ತಿದ್ದಿಲ್ಲ. ವರ್ಷಗಟ್ಟಲೆ ಹೀಗೇ ನಡೆದಿತ್ತು. ಆಗೆಲ್ಲ ನನ್ನದೇನೂ ತಕರಾರು ಇರಲಿಲ್ಲ.

ನಮ್ಮ ಮನೆಯವರಿಗೆ ಲಕ್ವಾ ಹೊಡೆದ ಮೇಲೆ ತಕರಾರು ಶುರುವಾಯಿತು. ಬಲಗೈ, ಬಲಗಾಲು ಹೋದವು. ಕಾಲು ನಿಧಾನಕ್ಕೆ ಸ್ವಲ್ಪ ಬಂತು, ಮಾತು ಬರಲಿಲ್ಲ. ಕಲಬುರಗಿಯಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಇದ್ದರು. ಅವರು ನನ್ನನ್ನು ಕೂರಿಸಿ ಬಿಡಿಸಿ ಹೇಳಿದರು: ಇವರಿಗೆ ಎಲ್ಲಾ ತಿಳಿಯುತ್ತದೆ, ಶಬ್ದಗಳು ಒಳಗೇ ಇವೆ, ಹೊರಗೆ ಬರುವ ದಾರಿ ಮರೆತಿದೆ. ದಿನಾ ಯಾರಾದರೂ ಎದುರಿಗೆ ಕೂತು ಮಾತಾಡಿಸಬೇಕು. ಅದೂ ಮಧ್ಯಾಹ್ನ ನಿದ್ದೆ ಮಾಡಿ ಎದ್ದ ಮೇಲೆ, ತಲೆ ಹಗುರ ಇರುವ ಹೊತ್ತಿನಲ್ಲಿ. ದೀಪ ಹಚ್ಚುವ ಹೊತ್ತಿಗೆ ಇವರು ದಣಿದು ಹೋಗುತ್ತಾರೆ, ಆಗ ಒತ್ತಾಯ ಮಾಡಬೇಡಿ. ತಡವಾದಷ್ಟೂ ಕಷ್ಟ.

ನಾನು ಹೊರಡುವಾಗ ಅವರು ಮಲಗಿರುತ್ತಿದ್ದರು. ನಾನು ಬರುವ ಹೊತ್ತಿಗೆ ಕುರ್ಚಿಯಲ್ಲಿ ಕೂತಲ್ಲೇ ತೂಕಡಿಸುತ್ತಿದ್ದರು. ಪಕ್ಕದ ಮನೆಯ ಅಕ್ಕ, ಹಣೆ ತುಂಬ ವಿಭೂತಿ ಹಚ್ಚಿಕೊಳ್ಳುವ ಗಟ್ಟಿ ಹೆಂಗಸು, ಮಧ್ಯಾಹ್ನ ಬಂದು ಊಟ ಹಾಕಿ ಹೋಗುತ್ತಿದ್ದಳು. ಆಕೆಗೂ ಹೊಲ, ಎಮ್ಮೆ, ಮೊಮ್ಮಕ್ಕಳು ಇದ್ದವು. ಎದುರಿಗೆ ಕೂತು "ಚಹಾ ಅನ್ರಿ, ನೀರು ಅನ್ರಿ" ಎಂದು ಹೇಳಿಸುವ ಕೆಲಸ ಆಕೆಯದಲ್ಲ. ಅದು ನನ್ನದು. ಶಹಾಬಾದಿನ ನಮ್ಮ ಶಾಲೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಅಲ್ಲಿ ವಿಜ್ಞಾನದ ಹುದ್ದೆ ಖಾಲಿಯೂ ಇತ್ತು.

ಹಾಗಾದರೆ ಕೇಳಬಹುದಿತ್ತಲ್ಲ ಎನ್ನಬಹುದು. ಅರ್ಜಿ ಕೊಟ್ಟಿದ್ದೆ. ಆದರೆ ನಮ್ಮಲ್ಲಿ ಅರ್ಜಿ ಕೊಟ್ಟು ಮೇಲಿಂದ ಮೇಲೆ ಕೇಳಿದರೆ ಅದಕ್ಕೆ ಗುಣುಗುಟ್ಟುವುದು ಎನ್ನುತ್ತಾರೆ. ಬೇಕಾದದ್ದನ್ನು ಪ್ರಾರ್ಥನಾ ವಿಷಯವಾಗಿ ಹೇಳಬೇಕು. ಬೆಳಗಿನ ಗಂಟೆ ಹೊಡೆಯುವ ಮುಂಚೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ಸುತ್ತಲೂ ನಿಂತು, ಒಬ್ಬೊಬ್ಬರು ತಮ್ಮ ತಮ್ಮ ವಿಷಯ ಹೇಳುತ್ತಾರೆ. ಮಗಳ ಪರೀಕ್ಷೆ, ಅತ್ತೆಯ ಕಣ್ಣಿನ ಆಪರೇಷನ್, ಬೋರ್‌ವೆಲ್ಲಿನಲ್ಲಿ ನೀರು. ನಾನು "ಶಹಾಬಾದಿಗೆ ವರ್ಗಾವಣೆ" ಎನ್ನುತ್ತಿದ್ದೆ. ಆಮೇಲೆ ದೊಡ್ಡ ಮೇಡಂ ಎಲ್ಲರ ಪರವಾಗಿ ಪ್ರಾರ್ಥಿಸುತ್ತಿದ್ದರು.

ದೊಡ್ಡ ಮೇಡಂ ಎಂದರೆ ಸೇಡಂ ಶಾಲೆಯ ಮುಖ್ಯೋಪಾಧ್ಯಾಯಿನಿ. ಐದೂ ಶಾಲೆಗಳ ಮೇಲುಸ್ತುವಾರಿ ಅವರದೇ, ವರ್ಗಾವಣೆಗೆ ಸಹಿ ಹಾಕುವವರೂ ಅವರೇ. ಅವರು ಕಣ್ಣು ಮುಚ್ಚಿ, ಕಣ್ಣೀರು ತಂದುಕೊಂಡು, "ಕರ್ತನೇ, ನಮ್ಮ ಸಿಸ್ಟರಿಗಿ ನೀನೇ ದಾರಿ ತೆರಿಯಪ್ಪಾ" ಎಂದು ಬೇಡುತ್ತಿದ್ದರು. ನನ್ನ ಅರ್ಜಿ ಅವರ ಮೇಜಿನ ಖಾನೆಯಲ್ಲೇ ಇತ್ತು. ಪ್ರಾರ್ಥನೆ ನಾಟಕವಾಗಿರಲಿಲ್ಲ, ಅದು ನನಗೆ ಗೊತ್ತು. ಸೇಡಂನಲ್ಲಿ ನನ್ನ ಬದಲಿಗೆ ಯಾರೂ ಸಿಗುತ್ತಿಲ್ಲ, ದೇವರು ಯಾರನ್ನಾದರೂ ಕಳಿಸಲಿ, ಆಮೇಲೆ ಸಹಿ ಎಂಬುದು ಅವರ ಮನಸ್ಸು. ಆದರೂ ನನಗೆ ಸಿಟ್ಟು ಬರುತ್ತಿತ್ತು. ಕಣ್ಣು ಮುಚ್ಚಿ ಕೈ ಜೋಡಿಸಿ ನಿಂತು ಸಿಟ್ಟಾಗುವುದು ಭಾಳ ತ್ರಾಸಿನ ಕೆಲಸ.

ಇದರ ನಡುವೆ ಈ ಇಮೇಲಿನ ಕೆಲಸ ಬಂತು. ಅದುವರೆಗೆ ಒಂದೊಂದು ಶಾಲೆಯ ಇಮೇಲ್ ಒಂದೊಂದು ಕಡೆ ಇತ್ತು. ಚಿಂಚೋಳಿಯದು ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯವನ ಫೋನಿನಲ್ಲಿ. ವಾಡಿಯದು ರಿಟೈರಾಗಿ ಮಗಳ ಊರಿಗೆ ಹೋದ ಹಳೆಯ ಟೀಚರಿನ ನೆನಪಿನಲ್ಲಿ. ಇಲಾಖೆಯಿಂದ ಬಂದ ಪತ್ರವನ್ನು ಯಾರೂ ನೋಡದೆ, ಸೇಡಂನ ಹತ್ತನೆಯವರ ಪರೀಕ್ಷೆ ನೋಂದಣಿ ತಪ್ಪಿಹೋಗುವುದು ಕೂದಲೆಳೆಯಲ್ಲಿ ಉಳಿಯಿತು. ಶಾಲೆಗಳ ಆಡಳಿತ ನೋಡುವ ಕರೆಸ್ಪಾಂಡೆಂಟ್ ಆಗಿದ್ದ ಪಾಸ್ಟರ್ ಮೀಟಿಂಗ್ ಕರೆದು, ಐದೂ ಶಾಲೆಗೆ ಒಂದೇ ಕಡೆ ಇಮೇಲ್, ಟೈಮ್‌ಟೇಬಲ್, ಪಾಠದ ಟಿಪ್ಪಣಿ ಎಲ್ಲಾ ಬರುವಂಥದ್ದು ಒಂದು ವ್ಯವಸ್ಥೆ ಬೇಕು ಎಂದರು. ಲಾಕ್‌ಡೌನಿನಲ್ಲಿ ಆನ್‌ಲೈನ್ ಕ್ಲಾಸ್ ಮಾಡಿದವಳು ನಾನೊಬ್ಬಳೇ. ಎಲ್ಲರೂ ನನ್ನ ಕಡೆ ತಿರುಗಿದರು.

ಹಲವು ವಾರ ವಾಡಿಯ ಬೆಂಚಿನ ಮೇಲೆ ಉತ್ತರಪತ್ರಿಕೆಗಳ ಬದಲು ಇದೇ ಓದಿದೆ. ಎರಡು ದೊಡ್ಡ ಕಂಪನಿಗಳು ಶಾಲೆಗಳಿಗೆ ಪುಕ್ಕಟೆ ಕೊಡುತ್ತವೆ. ನಮ್ಮದು ಖರೇ ಶಾಲೆ ಎಂಬುದಕ್ಕೆ ಕಾಗದ ತೋರಿಸಬೇಕು, ಶಾಲೆಯ ಹೆಸರಿನದೇ ಒಂದು ವಿಳಾಸ ಮಾಡಿಸಬೇಕು. ಒಂದರಲ್ಲಿ ಸಾವಿರ ಸೌಲತ್ತು, ಆದರೆ ಹಳೆಯ ಫೋನಿನಲ್ಲಿ ತೆರೆಯುವಷ್ಟರಲ್ಲಿ ಒಲೆಯ ಮೇಲಿನ ಅನ್ನ ಬೆಂದಿರುತ್ತದೆ. ಇನ್ನೊಂದರಲ್ಲಿ ಸೌಲತ್ತು ಕಡಿಮೆ, ಕೈಗೆ ಲಗೂ ಸಿಗುತ್ತದೆ. ವಾಟ್ಸಾಪೇ ಸಾಕಲ್ಲ ಎನ್ನುವವರ ಮೂರನೆಯ ಪಾರ್ಟಿಯೂ ಇತ್ತು. ಅವರು ಇಲಾಖೆಯ ಆದೇಶ, ಗುಡ್ ಮಾರ್ನಿಂಗ್ ಹೂವು, ಕಳೆದುಹೋದ ಛತ್ರಿ ಎಲ್ಲವನ್ನೂ ಒಂದೇ ಗುಂಪಿನಲ್ಲಿ ಹಾಕಿ ಆರಾಮಾಗಿ ಇದ್ದರು.

ಮೀಟಿಂಗಿನಲ್ಲಿ ಪಾಸ್ಟರ್ ಕೇಳಿದರು, "ಇವೆರಡರಾಗ ಯಾವುದು ಚಲೋ ಅದ ಟೀಚರ್?"

"ಸಾದಾ ಇದ್ದದ್ದು ಚಲೋ ರೀ. ನಾ ಇಲ್ಲದಾಗೂ ನಡೀಬೇಕು, ಅಷ್ಟ."

ದೊಡ್ಡ ಮೇಡಂ ಕನ್ನಡಕದ ಮೇಲಿಂದ ನೋಡಿದರು. "ನೀವ್ಯಾಕ ಇರಲ್ಲ?"

ನಾನು ಎರಡೂ ಕಂಪನಿಗಳ ಪಟ್ಟಿಯನ್ನು ಅವರ ಮುಂದೆ ಸರಿಸಿದೆ. ಪ್ರಾರ್ಥನಾ ವಿಷಯವನ್ನು ಮೀಟಿಂಗಿನಲ್ಲಿ ತೆಗೆದರೆ ಅದು ಮತ್ತೆ ಗುಣುಗುಟ್ಟುವುದೇ.

ಯಾವುದು ಸರಿ ಎಂದು ನೋಡಲು ಎರಡನ್ನೂ ಒಂದೊಂದು ತಿಂಗಳು ನಡೆಸಿ ನೋಡೋಣ ಎಂದಾಯಿತು. ಮೊದಲು ಸಾದಾ ಇದ್ದದ್ದರಲ್ಲಿ ಎಲ್ಲರಿಗೂ ವಿಳಾಸ ಮಾಡಿ, ಪಾಸ್‌ವರ್ಡ್ ನೀವೇ ಇಟ್ಟುಕೊಳ್ಳಿ, ಗಟ್ಟಿಯಾದದ್ದು ಇಡಿ ಎಂದೆ. ಹೊಸ ವರ್ಷದ ದಿನ ನಮ್ಮ ಶಾಲೆಗೆ ಬೈಬಲಿನ ಒಂದು ವಾಗ್ದಾನ ವಚನ ಬರುತ್ತದೆ, ಅದನ್ನು ಗೇಟಿನ ಮೇಲೆ ನೀಲಿ ಬಣ್ಣದಲ್ಲಿ ಬರೆಸುತ್ತೇವೆ. ಸೇಡಂನ ಎಲ್ಲಾ ಟೀಚರುಗಳೂ, ಒಬ್ಬರನ್ನೊಬ್ಬರು ಕೇಳದೆಯೇ, ಅದೇ ವಚನದ ಅಧ್ಯಾಯ ಮತ್ತು ಸಂಖ್ಯೆಯನ್ನು ಪಾಸ್‌ವರ್ಡ್ ಮಾಡಿದ್ದರು. "ವಚನಕಿಂತ ಗಟ್ಟಿ ಇನ್ನೇನದ್ರೀ?" ಎಂದು ಹಿಂದಿ ಟೀಚರ್ ನನ್ನನ್ನೇ ಕೇಳಿದರು. ಬಸ್ಸಿನಲ್ಲಿ ಹೋಗುವವರೂ ಆ ಗೋಡೆ ಓದುತ್ತಾರೆ ಎಂದು ತಿಳಿಸಿ ಎಲ್ಲರ ಕೈಯಲ್ಲೂ ಬದಲು ಮಾಡಿಸಿದೆ. ಮರುದಿನ ಎಲ್ಲರೂ ಹೊಸದನ್ನು ಮರೆತಿದ್ದರು. ಅಂದಿನಿಂದ ನನ್ನ ಫೋನಿಗೆ ಪುರುಸೊತ್ತಿಲ್ಲ.

ಅಷ್ಟಾದರೂ ಯಾರೂ ಇಮೇಲ್ ತೆರೆಯಲಿಲ್ಲ. ಪಾಠದ ಟಿಪ್ಪಣಿ ಹಾಕುವ ಹಾಳೆ ಮಾಡಿದೆ, ಖಾಲಿ ಉಳಿಯಿತು. ಟೈಮ್‌ಟೇಬಲ್ ಹಾಕಿದೆ, ನಾನೇ ನೋಡಿದೆ. ನೋಡಿರೆಂದು ಎಲ್ಲರಿಗೂ ಇಮೇಲ್ ಕಳಿಸಿ, ಇಮೇಲ್ ಕಳಿಸಿದ್ದೇನೆ ಎಂದು ಎಲ್ಲರಿಗೂ ಫೋನ್ ಮಾಡಿದೆ. ಚಿಂಚೋಳಿಯ ಟೀಚರ್ ಮಾಳಿಗೆ ಹತ್ತಿದರಷ್ಟೇ ಸಿಗ್ನಲ್ ಎಂದರು. ಬಿಸಿಲಲ್ಲಿ ಅವರನ್ನು ಮಾಳಿಗೆ ಹತ್ತಿಸಲು ನನಗೂ ಮನಸ್ಸಾಗಲಿಲ್ಲ. ಸಾಕಾಗಿ ಹೋಗಿತ್ತು.

ಆಗ ದೊಡ್ಡ ಮೇಡಂ ಒಂದು ದಿನ ಹೇಳಿದರು, "ಟೀಚರ್, ಐದೂ ಶಾಲಿ ಪ್ರಾರ್ಥನಾ ವಿಷಯ ಒಂದೇ ಹಾಳಿ ಮ್ಯಾಲ ಹಾಕಲಿಕ್ಕ ಬರ್ತದೇನು? ಅವರ ಸಲುವಾಗಿ ನಾವು, ನಮ್ಮ ಸಲುವಾಗಿ ಅವರು ಬೇಡಿಕೊಂಡ್ರ ಭಾಳ ಚಲೋ ಆಗ್ತದ."

ಮಾಡಿದೆ. ಎಡಗಡೆ ಊರು, ನಡುವೆ ವಿಷಯ, ಬಲಗಡೆ ಒಂದು ಸಣ್ಣ ಚೌಕ. ಪ್ರಾರ್ಥನೆಗೆ ಉತ್ತರ ಸಿಕ್ಕರೆ ಆ ಚೌಕಕ್ಕೆ ಟಿಕ್ ಹಾಕಬೇಕು. ಟಿಕ್ ಬಿದ್ದ ಕೂಡಲೇ ಐದೂ ಶಾಲೆಯ ಟೀಚರುಗಳಿಗೂ ಐದೂ ಸಭೆಯ ಪಾಸ್ಟರುಗಳಿಗೂ "ಪ್ರಾರ್ಥನೆಗೆ ಉತ್ತರ ದೊರೆತಿದೆ, ಸ್ತೋತ್ರ" ಎಂದು ತಾನಾಗಿಯೇ ಇಮೇಲ್ ಹೋಗಬೇಕು. ಇದೂ ದೊಡ್ಡ ಮೇಡಂ ಅವರದೇ ಆಸೆ. ಕೈಗೆ ಲಗೂ ಸಿಗುವ ಕಂಪನಿಯದರಲ್ಲಿ ಇದು ಸಲೀಸಾಗಿ ಆಯಿತು.

ಒಂದು ವಾರದಲ್ಲಿ ಐದೂ ಶಾಲೆಗಳವರು ಇಮೇಲ್ ಕಲಿತರು. ಪಾಠದ ಟಿಪ್ಪಣಿಗೆ ಬಾರದವರು ಪ್ರಾರ್ಥನೆಗೆ ಬಂದರು. ಚಿಂಚೋಳಿಯ ಟೀಚರ್ ತಾವಾಗಿಯೇ ಮಾಳಿಗೆ ಹತ್ತಿದರು. ಯಾವ ಕಂಪನಿಯದು ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು, ಎರಡನೆಯದನ್ನು ನಡೆಸಿ ನೋಡುವ ಮಾತೇ ಏಳಲಿಲ್ಲ. ಆ ಹಾಳೆಯಲ್ಲಿ ನನ್ನದೂ ಒಂದು ಸಾಲು ಇತ್ತು: ಸೇಡಂ, ವಿಜ್ಞಾನ ಟೀಚರ್, ಶಹಾಬಾದಿಗೆ ವರ್ಗಾವಣೆ. ಈಗ ಒಂದಲ್ಲ, ಐದು ಊರಲ್ಲಿ ಬೆಳಗ್ಗೆ ನನ್ನ ವರ್ಗಾವಣೆಗಾಗಿ ಬೇಡಿಕೊಳ್ಳುತ್ತಿದ್ದರು. ಸಹಿ ಹಾಕಬೇಕಾದವರೂ ಅವರೊಡನೆ ಬೇಡಿಕೊಳ್ಳುತ್ತಿದ್ದರು. ಮನೆಯಲ್ಲಿ ಇವರು ನನ್ನನ್ನು ನೋಡಿ "ಆಂ" ಎನ್ನುತ್ತಿದ್ದರು, ಬೇಡವೆಂದರೂ "ಆಂ", ಬೇಕೆಂದರೂ "ಆಂ". ಕಲಬುರಗಿಯ ಡಾಕ್ಟರಮ್ಮ ಪ್ರತಿ ಸಲವೂ ಮನೆಯಲ್ಲಿ ಮಾತಾಡಿಸುತ್ತಿದ್ದೀರಾ ಎಂದು ಕೇಳುತ್ತಿದ್ದರು. ರವಿವಾರ ಎನ್ನುತ್ತಿದ್ದೆ. ಅವರು ತಲೆಯಾಡಿಸಿ ಮುಂದಿನ ತಾರೀಖು ಬರೆದುಕೊಡುತ್ತಿದ್ದರು, ಅದೇ ನನಗೆ ಹೆಚ್ಚು ಹೆದರಿಕೆ ತರುತ್ತಿತ್ತು.

ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬರುತ್ತಿದ್ದೆ. ವಾಡಿಯಲ್ಲಿ ಗಾಡಿ ಇಳಿದಾಗ ಫೋನ್ ಒಂದೇ ಸಮನೆ ಸದ್ದು ಮಾಡಿತು. ಸಾಲುಸಾಲು ಇಮೇಲ್. ಅದರಲ್ಲೊಂದು: ಶಹಾಬಾದಿಗೆ ವರ್ಗಾವಣೆ, ಪ್ರಾರ್ಥನೆಗೆ ಉತ್ತರ ದೊರೆತಿದೆ, ಸ್ತೋತ್ರ. ನಾನು ಹಾಗೇ ಬೆಂಚಿನ ಮೇಲೆ ಕೂತೆ. ಸಹಿ ಆಯಿತು ಎಂದೇ ತಿಳಿದೆ. ಅಲ್ಲಿ ಹೋಗಿ ಬರುವವರ ಎದುರಿಗೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಆಮೇಲೆ ಉಳಿದ ಇಮೇಲ್ ನೋಡಿದೆ. ವಾಡಿ ಶಾಲೆಯ ಬೋರ್‌ವೆಲ್ಲಿಗೆ ನೀರು ಬಂದಿತ್ತು. ಹಿಂದಿ ಟೀಚರಿನ ಮೊಣಕಾಲು ನೋವು ವಾಸಿಯಾಗಿತ್ತು. ಚಿಂಚೋಳಿಯ ಸಿಗ್ನಲ್ಲೂ ಸರಿಯಾಗಿತ್ತು. ಹಾಳೆಯಲ್ಲಿ ಇದ್ದದ್ದಕ್ಕೆಲ್ಲ ಒಂದೇ ಮಧ್ಯಾಹ್ನ ಉತ್ತರ ಸಿಕ್ಕಿತ್ತು. ಎಲ್ಲಾ ಟಿಕ್ಕುಗಳೂ ಚಿತ್ತಾಪುರದ ಹಿರಿಯ ಮಾಸ್ತರರ ಫೋನಿನಿಂದ ಬಿದ್ದಿದ್ದವು. ಅವರಿಗೆ ಫೋನ್ ಮಾಡಿದೆ.

"ಹೌದು ಟೀಚರ್, ನಾನೇ ಹಾಕೀನಿ," ಎಂದರು ಸಂತೋಷದಿಂದ. "ಇವತ್ತ ಉಪವಾಸ ಇದ್ದೆ. ಒಬ್ಬೊಬ್ಬರ ಹೆಸರು ಹಿಡದು ಪ್ರಾರ್ಥನಾ ಮಾಡಿ, ಮಾಡಿದ ಮ್ಯಾಲ ಟಿಕ್ ಹಾಕ್ಕೊಂತ ಬಂದೆ. ಯಾರದೂ ಬಿಟ್ಟಿಲ್ಲ ನೋಡ್ರಿ. ನಿಮ್ಮದು ಎರಡು ಸಲ ಮಾಡೀನಿ."

ಅವರದು ಜೀವಮಾನವೆಲ್ಲ ಹಾಜರಿ ಕರೆದು ಟಿಕ್ ಹಾಕಿದ ಕೈ. ಪ್ರಾರ್ಥನೆಯಲ್ಲೂ ಹಾಜರಿ ಹಾಕಿದ್ದರು. "ಭಾಳ ಉಪಕಾರ ಆಯ್ತು ಮಾಸ್ತರ್" ಎಂದು ಫೋನ್ ಇಟ್ಟೆ.

ದೊಡ್ಡ ಮೇಡಂಗೆ ಇಮೇಲ್ ಮಾಡಿದೆ, ಇದು ತಪ್ಪಾಗಿ ಬಿದ್ದ ಟಿಕ್ ಎಂದು. ಅವರು ಪ್ರಾರ್ಥನೆಯ ಹಾಳೆ ಬಿಟ್ಟು ಬೇರೆ ಇಮೇಲ್ ನೋಡುತ್ತಿರಲಿಲ್ಲ. ಫೋನ್ ಮಾಡಿದೆ, ಬಂದ್ ಇತ್ತು. ಶನಿವಾರ ಹೊತ್ತು ಮುಳುಗುವವರೆಗೆ ಅವರಿಗೆ ಕ್ವಾಯರ್ ಅಭ್ಯಾಸ. ಹಾಳೆಯಲ್ಲಿದ್ದ ಟಿಕ್ಕುಗಳನ್ನು ತೆಗೆದೆ. ಹೋದ ಇಮೇಲ್ ತೆಗೆಯಲು ಬರುವುದಿಲ್ಲ.

ರವಿವಾರ ಶಹಾಬಾದಿನ ಚರ್ಚಿನಲ್ಲಿ ಇವರನ್ನು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಆರಾಧನೆ ಶುರುವಾಗುವ ಮುಂಚೆ ನಮ್ಮ ಪಾಸ್ಟರಿಗೆ ಹೇಳಿಬಿಡೋಣವೆಂದು ಎದ್ದೆ. ಅಷ್ಟರಲ್ಲಿ ಹಾಡು ಶುರುವಾಯಿತು. ಹಾಡು ಮುಗಿದ ಮೇಲೆ ಪಾಸ್ಟರ್ ಫೋನ್ ನೋಡಿ ಓದಿದರು, ನಮ್ಮ ಸಹೋದರಿಯ ಬಹುಕಾಲದ ಪ್ರಾರ್ಥನೆಗೆ ದೇವರು ಉತ್ತರ ಕೊಟ್ಟಿದ್ದಾನೆ, ನಮ್ಮ ಶಾಲೆಗೇ ಬರುತ್ತಿದ್ದಾರೆ ಎಂದು. ಜನ ಚಪ್ಪಾಳೆ ತಟ್ಟಿದರು. ಶಹಾಬಾದ್ ಶಾಲೆಯ ಮುಖ್ಯೋಪಾಧ್ಯಾಯಿನಿ ಎದ್ದು ಬಂದು ಸ್ತೋತ್ರ ಕಾಣಿಕೆಯ ಲಕೋಟೆ ಹಾಕಿದರು. ನಾನು ಇವರ ಕಡೆ ನೋಡಿದೆ. ಇವರು ಎಡಗೈ ಮೇಲೆತ್ತಿದ್ದರು. ಬಾಯಿ ಸೊಟ್ಟಗೆ ನಗುತ್ತಿತ್ತು, ಕಣ್ಣೀರು ಇಳಿಯುತ್ತಿತ್ತು. ಅದನ್ನು ನೋಡಿದ ಮೇಲೆ ಎದ್ದು ನಿಂತು ತಪ್ಪಾಗಿದೆ ಎನ್ನಲು ನನಗೆ ಆಗಲಿಲ್ಲ. ಆರಾಧನೆ ಮುಗಿದ ಮೇಲೆ ಪಾಸ್ಟರ್ ಹತ್ತಿರ ಹೋಗಿ ಮೆತ್ತಗೆ ಹೇಳಿದೆ. ಅವರ ಮುಖ ಸಣ್ಣದಾಯಿತು.

ಸೋಮವಾರ ಸೇಡಂನಲ್ಲಿ ದೊಡ್ಡ ಮೇಡಂ ಕೋಣೆಯಲ್ಲಿ ಕರೆಸ್ಪಾಂಡೆಂಟ್ ಪಾಸ್ಟರ್ ಆಗಲೇ ಬಂದು ಕೂತಿದ್ದರು. ನಾನು ಬಾಗಿಲಲ್ಲಿ ನಿಂತೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ.

"ಆ ಟಿಕ್ ಖರೇ ಅಲ್ಲ ಅಂತ ಇವರೇ ಹೇಳ್ಯಾರ," ಎಂದರು ದೊಡ್ಡ ಮೇಡಂ. "ಇಮೇಲೂ ಹಾಕ್ಯಾರ, ಈಗ ನೋಡಿದೆ. ಮುಂದಿನ ರವಿವಾರ ತಪ್ಪಾಯ್ತು ಅಂತ ಹೇಳಿಸಿಬಿಡೂಣು."

ಪಾಸ್ಟರ್ ತಲೆ ಕೆರೆದುಕೊಂಡರು. "ಐದು ಸಭಿಯೊಳಗ ಸ್ತೋತ್ರ ಹೇಳಿ ಆಗ್ಯದ ಮೇಡಂ. ಕಾಣಿಕಿ ಬಿದ್ದಾವ. ಈಗ ನಾ ಮತ್ತ ಎದ್ದು ನಿಂತು, ದೇವರು ಕೊಟ್ಟಿಲ್ಲ, ಸುಮ್ನ ಹೇಳಿದ್ವಿ ಅಂತ ಹ್ಯಾಂಗ ಅನ್ಲಿ? ಬೋರ್‌ವೆಲ್ಲಿಂದು, ಮೊಣಕಾಲಿಂದು ನಮ್ಮ ಕೈಯಾಗಿಲ್ಲ. ಇದು ನಮ್ಮ ಕೈಯಾಗೇ ಅದ."

ದೊಡ್ಡ ಮೇಡಂ ಖಾನೆ ತೆಗೆದು ನನ್ನ ಅರ್ಜಿ ಹೊರಗಿಟ್ಟು ಸಹಿ ಹಾಕಿದರು. ಹಾಕುವಾಗ ನನ್ನ ಕಡೆ ನೋಡಲಿಲ್ಲ. ಇಷ್ಟು ಸಣ್ಣ ಕೆಲಸವೇ ಇದು ಎನ್ನಿಸಿತು ನನಗೆ. ಸಂತೋಷವಾಗಬೇಕಿತ್ತು, ಬರೀ ದಣಿವಾಯಿತು.

"ಒಂದು ಮಾತು," ಎಂದರು ಅವರು, ಕಾಗದ ಕೊಡುವಾಗ. "ಈ ಇಮೇಲಿನ ಕೀಲಿ ನಿಮ್ಮ ಕೈಯಾಗೇ ಇರ್ಲಿ. ನಮಗ ಯಾರಿಗೂ ತಿಳಿಯಂಗಿಲ್ಲ."

ಆ ಗಳಿಗೆಯಲ್ಲಿ ಬೇರೆ ಏನು ಕೇಳಿದ್ದರೂ ಹೂಂ ಎನ್ನುತ್ತಿದ್ದೆ. ಹೂಂ ಎಂದೆ.

ಶಹಾಬಾದಿಗೆ ಬಂದ ಮೊದಲ ವಾರ ಹಬ್ಬದಂತಿತ್ತು. ಶಾಲೆ ಬಿಟ್ಟ ಕೂಡಲೇ ಮನೆ. ಇವರು ನಿದ್ದೆ ಮುಗಿಸಿ ಎದ್ದು ಮುಖ ತೊಳೆಸಿಕೊಂಡು ಕೂತಿರುತ್ತಿದ್ದರು. ಎದುರಿಗೆ ಸ್ಟೂಲ್ ಹಾಕಿಕೊಂಡು "ಚಹಾ" ಎಂದು ಬಾಯಿ ಅಗಲಿಸಿ ತೋರಿಸುತ್ತಿದ್ದೆ. ಅವರು "ಚ" ಎನ್ನಲು ಹೋಗಿ ಉಗುಳು ನುಂಗುತ್ತಿದ್ದರು. ಇಬ್ಬರೂ ನಗುತ್ತಿದ್ದೆವು.

ಆಮೇಲೆ ಹತ್ತನೆಯವರ ಪರೀಕ್ಷೆ ನೋಂದಣಿ, ಉಳಿದ ಶಾಲೆಗಳ ಮಕ್ಕಳ ಪಟ್ಟಿ ಕಳಿಸುವ ಹೊತ್ತು ಬಂತು. ಐದೂ ಶಾಲೆಗಳ ಕೆಲಸ ನಡೆಯುವುದು ಇಮೇಲಿನಲ್ಲಿ, ಕೀಲಿ ನನ್ನ ಕೈಯಲ್ಲಿ, ಎಲ್ಲರಿಗೂ ಪುರುಸೊತ್ತು ಸಿಗುವುದು ಶಾಲೆ ಬಿಟ್ಟ ಮೇಲೆ. ವಾಡಿಯವರು ಪಾಸ್‌ವರ್ಡ್ ಮರೆತರು. ಚಿಂಚೋಳಿಯವರು ಮಾಳಿಗೆಯಿಂದ ಕೂಗಿದರು. ಚಿತ್ತಾಪುರದ ಮಾಸ್ತರ್ ಯಾವುದನ್ನೋ ಅಳಿಸಿ, ಅಳಿಸಿದ್ದನ್ನು ಹೇಗೆ ತರುವುದೆಂದು ಕೇಳಿದರು. ಸ್ಟೂಲ್ ಮೇಲೆ ಕೂತವಳು ಎದ್ದು, ಸಿಗ್ನಲ್ ಚೆನ್ನಾಗಿರುವ ಕಿಟಕಿಯ ಕಡೆ ಹೋಗುತ್ತಿದ್ದೆ. ಐದು ನಿಮಿಷ ರೀ ಎಂದು ಇವರಿಗೆ ಹೇಳಿ ಹೋಗುತ್ತಿದ್ದೆ. ಹಿಂದಿರುಗುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ನಾಳೆ ಕೂರೋಣ ಎಂದುಕೊಳ್ಳುತ್ತಿದ್ದೆ, ನಾಳೆಯೂ ಹಾಗೇ ಆಗುತ್ತಿತ್ತು. ವಾಡಿ ಸ್ಟೇಷನ್ನಿನಲ್ಲಿ ಕೂತಿದ್ದಾಗಲಾದರೂ ಮನೆ ದೂರವಿದೆ ಎಂದು ಗೊತ್ತಿತ್ತು.

ಆ ದಿನ ಫೋನ್ ಮಾಡಿದವರು ದೊಡ್ಡ ಮೇಡಂ. ಅವರ ಫೋನಿನಲ್ಲಿ ಹಾಳೆ ಕಾಣುತ್ತಿರಲಿಲ್ಲ. ನಾನು ಕಿಟಕಿಯ ಹತ್ತಿರ ನಿಂತು, "ಮ್ಯಾಲ ಎಡಗಡಿ ಮೂರು ಗೆರಿ ಅದಾವಲ್ರೀ, ಅದನ್ನ ಒತ್ರಿ" ಎನ್ನುತ್ತಿದ್ದೆ. ಅವರು ಬೇರೆ ಏನನ್ನೋ ಒತ್ತುತ್ತಿದ್ದರು. ಮತ್ತೆ ಮೊದಲಿನಿಂದ ಹೇಳುತ್ತಿದ್ದೆ. ಪಕ್ಕದ ಮನೆಯ ಅಕ್ಕ ಪುಂಡಿಪಲ್ಯದ ಬಟ್ಟಲು ಹಿಡಿದು ಬಂದವಳು ಬಾಗಿಲಲ್ಲೇ ನಿಂತಿದ್ದಳು. ಬಟ್ಟಲು ಅಲ್ಲಿಡು ಎಂದು ಕೈ ಮಾಡಿದೆ. ಆಕೆ ಇಡಲಿಲ್ಲ.

"ಟೀಚರ್," ಎಂದಳು, "ಅವರು ಏನೋ ಅನ್ನಾಕತ್ತಾರ್ರೀ. ನಾ ಬಂದಾಗಿಂದ ಅನ್ನಾಕತ್ತಾರ. ನಿಮಗ ಕೇಳಂಗಿಲ್ಲೇನು?"

ತಿರುಗಿ ನೋಡಿದೆ. ಇವರು ಕುರ್ಚಿಯ ಹಿಡಿಯನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದರು. ಮುಖ ಕೆಂಪಾಗಿತ್ತು. ಮುಂದಿದ್ದ ಸ್ಟೂಲ್ ಖಾಲಿ ಇತ್ತು. ನನ್ನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು.

"ಫೋನ," ಎಂದರು. ಸ್ವಚ್ಛವಾಗಿ ಎಂದರು. ಉಸಿರು ಎಳೆದುಕೊಂಡು, ಬಾಯಿ ಅಗಲಿಸಿ, "ಇಡು" ಎಂದರು.

ಅಷ್ಟು ತಿಂಗಳು ನಾನು ಕಾದ ಮಾತು ಅದು. ಅದನ್ನು ಅವರು ಎಷ್ಟು ಹೊತ್ತಿನಿಂದಲೋ ನನ್ನ ಬೆನ್ನಿಗೆ ಹೇಳುತ್ತಿದ್ದರು. ಅತ್ತ ಕಡೆಯಿಂದ ದೊಡ್ಡ ಮೇಡಂ, "ಹಲೋ, ಟೀಚರ್, ಮೂರು ಗೆರಿ ಕಾಣವಲ್ದು ನನಗ" ಎನ್ನುತ್ತಿದ್ದರು.

ಇಟ್ಟೆ.